ಶಯ್ಯೆಯಿಂದ ಮೇಲೆದ್ದವರ ಚರಿತ್ರೆ

1658ನೆಯ ಇಸವಿಯಲ್ಲಿ ಸ್ವಿಟ್ಸರ್ಲೆಂಡಿನ ಷಾಫ್‌ಹೌಸೆನ್ ನಗರದ ವೈದ್ಯನಾದ ಯೋಹಾನ್ ಯಾಕೋಬ್ ವೆಪ್ಫರ್ ಎಂಬಾತನು, ನಿಂತಲ್ಲಿಯೇ ಕುಸಿದು ಪ್ರಜ್ಞೆ ತಪ್ಪಿ ಮಡಿದವರ ಶಿರಸ್ಸುಗಳನ್ನು ಛೇದಿಸಿ ಪರೀಕ್ಷಿಸಿ, ತಾನು ಕಂಡುದನ್ನು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದನು. ಪ್ರಾಚೀನ ವೈದ್ಯನಾದ ಗೇಲನನ ಕಾಲದಿಂದಲೂ ಐರೋಪ್ಯ ವೈದ್ಯರು, ಮಿದುಳಿನ ಕುಹರಗಳನ್ನು ಕಫವು ಮುಚ್ಚಿಕೊಳ್ಳುವುದೇ ಈ ವ್ಯಾಧಿಗೆ ಕಾರಣವೆಂದು ನಂಬಿಕೊಂಡು ಬಂದಿದ್ದರು. ವೆಪ್ಫರನ ಕಣ್ಣಿಗೆ ಬಿದ್ದುದು ಕಫವಲ್ಲ, ನಾಳವನ್ನು ಒಡೆದು ಹೊರಬಂದು ಮಿದುಳಿನ ಮೃದುಭಾಗದಲ್ಲಿ ಹೆಪ್ಪುಗಟ್ಟಿ ನಿಂತಿದ್ದ ರಕ್ತ. ಮುಂದೆ 1761ರಲ್ಲಿ, ಎಂಬತ್ತರ ಅಂಚಿನಲ್ಲಿದ್ದ ಪಾದುವಾ ವಿಶ್ವವಿದ್ಯಾಲಯದ ಆಚಾರ್ಯ ಮೊರ್ಗಾನ್ಯಿಯು ತನ್ನ ಮಹಾಗ್ರಂಥದಲ್ಲಿ, ಮಿದುಳಿನ ಬಲಪಾರ್ಶ್ವಕ್ಕೆ ಕೇಡಾದರೆ ಶರೀರದ ಎಡಪಾರ್ಶ್ವವೂ, ಎಡಪಾರ್ಶ್ವಕ್ಕೆ ಕೇಡಾದರೆ ಬಲಪಾರ್ಶ್ವವೂ ಸೋಲುವುದೆಂಬುದನ್ನು ಶವಪರೀಕ್ಷೆಗಳ ಆಧಾರದಿಂದ ದೃಢಪಡಿಸಿದನು. 1868ರಲ್ಲಿ ಪ್ಯಾರಿಸ್ಸಿನ ಶಾರ್ಕೋ ಮತ್ತು ಬುಷಾರ್ ಎಂಬ ಇಬ್ಬರು, ಮಿದುಳಿನ ಆಳದಲ್ಲಿರುವ ಸಣ್ಣ ಧಮನಿಗಳ ಗೋಡೆಗಳು ಅಲ್ಲಲ್ಲಿ ಉಬ್ಬಿ ತೆಳುವಾಗಿರುವುದನ್ನು ವರ್ಣಿಸಿ, ರಕ್ತವು ಒಸರುವುದು ಇಲ್ಲಿಂದಲೇ ಎಂದರು. ಇಟಲಿಯ ರಿವಾ-ರೊಚ್ಚಿಯು 1896ರಲ್ಲಿ ತೋಳಿಗೆ ಪಟ್ಟಿ ಬಿಗಿದು ರಕ್ತದೊತ್ತಡವನ್ನು ಅಳೆಯುವ ಉಪಕರಣವನ್ನು ನಿರ್ಮಿಸಿದ ಮೇಲೆ, ಆ ತೆಳುಗೋಡೆಗಳನ್ನು ವರುಷಗಟ್ಟಲೆ ಹಿಂಸಿಸಿ ಕೊನೆಗೆ ಒಡೆಯುವ ಬಲವು ಯಾವುದೆಂಬುದೂ ಕ್ರಮೇಣ ತಿಳಿದುಬಂದಿತು.

ಈ ಪರಂಪರೆಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿದ ಮೇಲೆಯೂ ಒಂದು ಮಾತನ್ನು ಹೇಳಲೇಬೇಕಾಗಿದೆ. ಇದು ಬಹುಮಟ್ಟಿಗೆ ಮಡಿದವರಿಂದ ಪಡೆದ ಜ್ಞಾನ. ಮಡಿಯದೆ ಉಳಿದವನು, ಜೋತುಬಿದ್ದ ಕೈ, ಒಂದು ಕಡೆಗೆ ವಾಲಿದ ಬಾಯಿ, ತೊದಲುವ ನಾಲಗೆಗಳೊಂದಿಗೆ ಮರುದಿನ ಕಣ್ಣು ತೆರೆದು, ಇನ್ನು ಮೇಲೆ ನಾನು ಏನು ಮಾಡಬೇಕು ಎಂದು ಕೇಳಿದರೆ, ಶವಪರೀಕ್ಷೆಯ ಮೇಜಿನ ಬಳಿ ಅಷ್ಟೊಂದು ಕಂಡಿದ್ದ ಶಾಸ್ತ್ರವು ಮುನ್ನೂರು ವರುಷಗಳ ಕಾಲ ಹೆಚ್ಚುಕಡಿಮೆ ನಿರುತ್ತರವಾಗಿಯೇ ಇದ್ದಿತು. ಉತ್ತರವು ಬೇರೆ ಕಡೆಯಿಂದ ಬಂದಿತು: ಮೈ ನೀವುವವರು, ಅಂಗಸಾಧನೆಯ ಶಿಕ್ಷಕಿಯರು, ದಾದಿಯರು, ದರಿದ್ರರ ರೋಗಿಶಾಲೆಯ ವೈದ್ಯೆ, ಗಂಡನ ಪಕ್ಕದಲ್ಲಿ ಕುಳಿತ ಹೆಂಡತಿ, ಇಂಥವರ ಕೈಗಳಿಂದ. ವೈದ್ಯಕೀಯದ ಚರಿತ್ರೆಗಳು ವೆಪ್ಫರನಿಗೆ ಅಧ್ಯಾಯವನ್ನೇ ಮೀಸಲಿಟ್ಟು ಇವರಿಗೆ ಅಡಿಟಿಪ್ಪಣಿಯನ್ನು ಕೊಡುವುದು ನನಗೆ ನ್ಯಾಯವೆಂದು ತೋರುವುದಿಲ್ಲ.

ಉಳಿದವನು ಚೇತರಿಸಿಕೊಳ್ಳುವುದಾದರೂ ಹೇಗೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಮಿದುಳಿನೊಳಗೆ ರಕ್ತಸ್ರಾವವಾದವರಲ್ಲಿ ಇಂದಿಗೂ ಹತ್ತರಲ್ಲಿ ಸುಮಾರು ನಾಲ್ವರು ಒಂದು ತಿಂಗಳೊಳಗಾಗಿ ತೀರಿಕೊಳ್ಳುತ್ತಾರೆ. ರಕ್ತನಾಳವು ಕಟ್ಟಿಕೊಂಡು ಬರುವ ಪಾರ್ಶ್ವವಾಯುವಿಗಿಂತ ಇದು ಕ್ರೂರವಾದುದು. ಆದರೆ ಬದುಕಿದವರ ವಿಷಯದಲ್ಲಿ ಇದಕ್ಕೊಂದು ವಿಶೇಷವುಂಟು. ಸ್ರವಿಸಿದ ರಕ್ತವು ನರತಂತುಗಳನ್ನೆಲ್ಲ ಹರಿದುಹಾಕಿರುವುದಿಲ್ಲ. ಕೆಲವನ್ನು ಹರಿದಿರುತ್ತದೆ, ಹಲವನ್ನು ಪಕ್ಕಕ್ಕೆ ತಳ್ಳಿ ಅದುಮಿ ಹಿಡಿದಿರುತ್ತದೆ. ವಾರಗಳು ಕಳೆದಂತೆಲ್ಲ ಹೆಪ್ಪು ಕರಗಿ, ಬಾವು ಇಳಿದು, ಅದುಮಿಟ್ಟಿದ್ದ ತಂತುಗಳು ಮತ್ತೆ ಕೆಲಸಕ್ಕೆ ತೊಡಗುವುದರಿಂದ, ಮೊದಲ ದಿನಗಳಲ್ಲಿ ಕಾಷ್ಠದಂತೆ ಬಿದ್ದಿದ್ದ ರೋಗಿಯು ಮೂರನೆಯ ತಿಂಗಳಿನಲ್ಲಿ ಬಂಧುಗಳ ನಿರೀಕ್ಷೆಯನ್ನು ಮೀರಿ ಎದ್ದು ಕುಳಿತುಕೊಳ್ಳುವುದುಂಟು. ಇದು ಪ್ರಕೃತಿಯ ಪಾಲು. ಹರಿದುಹೋದ ದಾರಿಗಳಿಗೆ ಬದಲಾಗಿ ಮಿದುಳು ಅಕ್ಕಪಕ್ಕದ ದಾರಿಗಳನ್ನು ಹಿಡಿಯುವುದು ಎರಡನೆಯ ಪಾಲು. ಇದು ತಾನಾಗಿ ಆಗುವುದಿಲ್ಲ, ಒಂದೇ ಚಲನೆಯನ್ನು ಸಾವಿರಾರು ಬಾರಿ ಯತ್ನಿಸಿದರೆ ಮಾತ್ರ ಆಗುತ್ತದೆ. ಪುನಶ್ಚೇತನವೆಂಬ ವಿದ್ಯೆಯೆಲ್ಲವೂ ಈ ಎರಡನೆಯ ಪಾಲಿಗೆ ಸೇರಿದ್ದು.

ಪ್ರಾಚೀನರು ಇದನ್ನು ಎಷ್ಟುಮಟ್ಟಿಗೆ ಕಂಡಿದ್ದರು? ಗ್ರೀಸಿನ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಬಂದಿರುವ ಸೂತ್ರಗಳಲ್ಲಿ, ಪ್ರಬಲವಾದ ಆಘಾತವು ಅಸಾಧ್ಯವೆಂದೂ ದುರ್ಬಲವಾದುದು ಕಷ್ಟಸಾಧ್ಯವೆಂದೂ ಹೇಳಿ ಕೈಬಿಟ್ಟಿದೆ. ನಮ್ಮ ಸುಶ್ರುತಸಂಹಿತೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಕ್ಷಾಘಾತದ ರೋಗಿಗಳಲ್ಲಿ ಯಾರಿಗೆ ಚಿಕಿತ್ಸೆಯನ್ನು ಆರಂಭಿಸಬೇಕೆಂಬುದನ್ನು ನಿರ್ದೇಶಿಸುತ್ತದೆ. ಸೋತ ಅಂಗವು ಇನ್ನೂ ಬಾಡದಿರುವವನು, ನೋವಿನ ಅರಿವು ಉಳಿದಿರುವವನು, ಮನಸ್ಸನ್ನು ತನ್ನ ಅಂಕೆಯಲ್ಲಿ ಇರಿಸಿಕೊಂಡಿರುವವನು, ಶುಶ್ರೂಷೆಗೆ ಬೇಕಾದ ಸಾಧನಸಾಮಗ್ರಿಯುಳ್ಳವನು, ಇಂತಹವನನ್ನು ಕೈಗೆತ್ತಿಕೊಂಡು ಮೂರು ನಾಲ್ಕು ತಿಂಗಳು ಬಿಡದೆ ಉಪಚರಿಸಬೇಕೆಂಬುದು ಅದರ ವಿಧಿ. ಎಣ್ಣೆ ಹಚ್ಚುವ ಸ್ನೇಹ, ಬೆವರಿಳಿಸುವ ಸ್ವೇದ, ಭೇದಿ ಮಾಡಿಸುವ ವಿರೇಚನ, ಗುದದ್ವಾರದಿಂದ ಔಷಧ ಕೊಡುವ ಬಸ್ತಿ ಮುಂತಾದ ಕರ್ಮಗಳ ಫಲವೇನೆಂಬುದು ಬೇರೆ ವಿಚಾರ. ಆದರೆ ಈ ನಾಲ್ಕು ಲಕ್ಷಣಗಳನ್ನು ಓದಿದಾಗ, ಇದನ್ನು ಬರೆದವನು ಒಬ್ಬಿಬ್ಬರನ್ನಲ್ಲ, ಅನೇಕ ರೋಗಿಗಳನ್ನು ತಿಂಗಳುಗಟ್ಟಲೆ ಹತ್ತಿರ ಕುಳಿತು ನೋಡಿದವನೆಂಬುದರಲ್ಲಿ ನನಗೆ ಸಂದೇಹವುಳಿಯುವುದಿಲ್ಲ. ಇಂದಿನ ಆಸ್ಪತ್ರೆಯಲ್ಲಿಯೂ ಸ್ಪರ್ಶಜ್ಞಾನ ಉಳಿದಿದೆಯೇ, ಸ್ನಾಯು ಕೃಶವಾಗಿದೆಯೇ, ರೋಗಿಗೆ ಉತ್ಸಾಹವಿದೆಯೇ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರೆಯೇ ಎಂಬಿವನ್ನೇ ವಿಚಾರಿಸುತ್ತಾರೆ; ಹೆಚ್ಚಿನ ಚೇತರಿಕೆಯು ಮೊದಲ ಮೂರು ನಾಲ್ಕು ತಿಂಗಳುಗಳಲ್ಲಿಯೇ ಕಾಣಿಸಿಕೊಳ್ಳುತ್ತದೆಂಬುದೂ ಇಂದಿನವರ ಅನುಭವವೇ ಆಗಿದೆ.

ಗ್ರಂಥದ ಈ ವಿವೇಕವು ಹಳ್ಳಿಗಳವರೆಗೆ ಹಾಗೆಯೇ ಇಳಿದುಬಂದಿತೆಂದು ಹೇಳಲಾಗದು. ಲಕ್ವ ಹೊಡೆಯಿತೆಂದೊಡನೆ ಪಾರಿವಾಳದ ರಕ್ತವನ್ನು ಸೋತ ಕೈಕಾಲಿಗೆ ಬಳಿದು ತಿಕ್ಕುವುದು, ನಾಟಿ ಔಷಧಿ ಕೊಡುವವರ ಊರನ್ನು ಹುಡುಕಿಕೊಂಡು ಗಾಡಿ ಕಟ್ಟುವುದು, ಪಥ್ಯದ ಹೆಸರಿನಲ್ಲಿ ಅರೆಹೊಟ್ಟೆ ಇರಿಸುವುದು, ಇವು ನಮ್ಮ ನಾಡಿನಲ್ಲಿ ಬಹುಕಾಲ ನಡೆದುಬಂದವು, ಈಗಲೂ ನಿಂತಿಲ್ಲ. ತೈಲವನ್ನು ಹಚ್ಚಿ ನೀವುವ ಪದ್ಧತಿಯನ್ನು ಮಾತ್ರ ನಾನು ಇವುಗಳ ಸಾಲಿಗೆ ಸೇರಿಸಲಾರೆ. ಬೆಳಗು ಸಂಜೆ ಒಬ್ಬರು ಹತ್ತಿರ ಕುಳಿತು ಭುಜ, ಮೊಣಕೈ, ಮಣಿಕಟ್ಟು, ಬೆರಳುಗಳ ಗಂಟುಗಳನ್ನು ಮಡಿಸಿ ನೀಡುತ್ತಿದ್ದುದರಿಂದ ಕೀಲುಗಳು ಬಿಗಿದುಕೊಳ್ಳುವುದು ತಪ್ಪುತ್ತಿತ್ತು. ದಿನಕ್ಕೆರಡು ಬಾರಿ ಮಗ್ಗುಲು ಬದಲಿಸುತ್ತಿದ್ದುದರಿಂದ ಬೆನ್ನಿನಲ್ಲಿ ಹುಣ್ಣಾಗುವುದು ಕಡಿಮೆಯಾಗುತ್ತಿತ್ತು. ದೋಷವಿದ್ದುದು ಒಂದೇ: ಕೆಲಸವನ್ನೆಲ್ಲ ನೀವುವವನ ಕೈ ಮಾಡುತ್ತಿತ್ತು, ರೋಗಿಯ ಮಿದುಳು ಏನನ್ನೂ ಮಾಡುತ್ತಿರಲಿಲ್ಲ.

ಶಾರ್ಕೋ ಮತ್ತು ಬುಷಾರರ ಪ್ರಬಂಧವು ಪ್ರಕಟವಾದ ವರುಷವೇ, ಅದೇ ಪ್ಯಾರಿಸ್ ನಗರದಲ್ಲಿ, ಈ ವ್ಯಾಧಿಯ ಚರಿತ್ರೆಯಲ್ಲೇ ಅತ್ಯಂತ ಪ್ರಸಿದ್ಧನಾದ ರೋಗಿಯೊಬ್ಬನು ಹಾಸಿಗೆ ಹಿಡಿದನು. 1868ರ ಅಕ್ಟೋಬರ್ 19ರಂದು ಬೆಳಿಗ್ಗೆ, ಆಗ ನಾಲ್ವತ್ತೈದು ವರುಷ ವಯಸ್ಸಿನವನಾಗಿದ್ದ ವಿಜ್ಞಾನಿ ಲೂಯಿ ಪಾಸ್ತರನಿಗೆ ಶರೀರದ ಎಡಪಾರ್ಶ್ವದಲ್ಲಿ ವಿಚಿತ್ರವಾದ ಜುಮುಗುಡುವಿಕೆಯುಂಟಾಯಿತು. ಮಧ್ಯಾಹ್ನ ಚಳಿ ಹತ್ತಿ ಮಲಗಿದನು. ಆದರೂ ರೇಷ್ಮೆಹುಳುವಿನ ರೋಗದ ವಿಚಾರವಾಗಿ ಇಟಲಿಯ ಸಾಲಿಂಬೆನಿ ಎಂಬಾತನು ಕಳುಹಿಸಿದ್ದ ಲೇಖನವನ್ನು ವಿಜ್ಞಾನ ಅಕಾಡೆಮಿಯಲ್ಲಿ ಆ ದಿನವೇ ಓದಬೇಕೆಂದು ಹಟ ಹಿಡಿದು ಹೊರಟನು. ಅವನನ್ನು ಒಬ್ಬನೇ ಬಿಡಲು ಧೈರ್ಯವಿಲ್ಲದ ಹೆಂಡತಿ ಅಕಾಡೆಮಿಯ ಬಾಗಿಲಿನವರೆಗೂ ಜೊತೆಯಲ್ಲಿ ನಡೆದು ಹೋಗಿ, ಮಿತ್ರನಾದ ಬಲಾರನನ್ನು ಕಂಡು, ಇವರನ್ನು ನೀವೇ ಮನೆಗೆ ಕರೆತರಬೇಕೆಂದು ಬೇಡಿಕೊಂಡಳು. ಪಾಸ್ತರನು ಲೇಖನವನ್ನು ಎಂದಿನ ಧ್ವನಿಯಲ್ಲಿಯೇ ಓದಿ ಮುಗಿಸಿ, ಮನೆಗೆ ನಡೆದು ಬಂದು, ರಾತ್ರಿ ಒಂಬತ್ತಕ್ಕೆ ಮಲಗಿದನು. ಮಲಗಿದ ಸ್ವಲ್ಪ ಹೊತ್ತಿಗೆಲ್ಲ ರೋಗವು ಮರುಕಳಿಸಿ, ಮಾತು ಹೊರಡದಾಗಿ, ಮರುದಿನ ಕಳೆಯುವಷ್ಟರಲ್ಲಿ ಎಡಗೈ ಎಡಗಾಲುಗಳೆರಡೂ ಪೂರ್ತಿಯಾಗಿ ಸೋತುವು. ವೈದ್ಯರು ಮಿದುಳಿನ ರಕ್ತಸ್ರಾವವೆಂದು ನಿರ್ಣಯಿಸಿದರು. ಅವರು ಮಾಡಿದ ಮುಖ್ಯ ಚಿಕಿತ್ಸೆಯೆಂದರೆ ಕಿವಿಗಳ ಹಿಂಭಾಗಕ್ಕೆ ಹದಿನಾರು ಜಿಗಣೆಗಳನ್ನು ಹಚ್ಚಿದುದು. ಮಿದುಳಿನೊಳಗೆ ರಕ್ತ ಸೋರಿ ಮಲಗಿರುವವನ ಮೈಯಿಂದ ಇನ್ನಷ್ಟು ರಕ್ತವನ್ನು ಹೀರಿಸುವುದೇ ಅಂದಿನ ಶಾಸ್ತ್ರಸಮ್ಮತವಾದ ಉಪಚಾರವಾಗಿದ್ದಿತು.

ಸ್ರಾವವು ಮಿದುಳಿನ ಬಲಭಾಗದಲ್ಲಿ ಆಗಿದ್ದುದರಿಂದ ಅವನ ಮಾತು ಬೇಗನೆ ಮರಳಿತು. ಆಘಾತವಾಗಿ ಒಂದು ವಾರ ಕಳೆದಿತ್ತು. ಶಿಷ್ಯರು ಸರದಿಯ ಮೇಲೆ ರಾತ್ರಿಯೆಲ್ಲ ಕಾವಲಿರುತ್ತಿದ್ದರು. ಆ ರಾತ್ರಿಗಳಲ್ಲೊಂದರಲ್ಲಿ ಪಾಸ್ತರನು ಶಿಷ್ಯ ಜೆರ್ನೆಯನ್ನು ಹತ್ತಿರಕ್ಕೆ ಕರೆದು, ರೇಷ್ಮೆಹುಳುವಿನ ಇನ್ನೊಂದು ರೋಗಕ್ಕೆ ತುತ್ತಾಗಬಹುದಾದ ಮೊಟ್ಟೆಗಳನ್ನು ಮೊದಲೇ ಗುರುತಿಸುವ ಉಪಾಯವನ್ನು ಹೇಳಿ ಬರೆಯಿಸಿದನು. ಬಂಧುಗಳು ಅಂತ್ಯಕಾಲವನ್ನು ನಿರೀಕ್ಷಿಸುತ್ತಿದ್ದ ವ್ಯಕ್ತಿಯ ಆ ಟಿಪ್ಪಣಿಯು ಅಕಾಡೆಮಿಯಲ್ಲಿ ಓದಲ್ಪಟ್ಟಿತು. ಈ ನಡುವೆ ಅವನಿಗಾಗಿ ಕಟ್ಟುತ್ತಿದ್ದ ಪ್ರಯೋಗಶಾಲೆಯ ಕೆಲಸವನ್ನು, ಬದುಕುವನೋ ಇಲ್ಲವೋ ಎಂಬ ಅನುಮಾನದಿಂದ ಅಧಿಕಾರಿಗಳು ನಿಲ್ಲಿಸಿಬಿಟ್ಟಿದ್ದರು. ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕಿವಿಗೆ ಇದು ಬಿದ್ದು ಅವನು ಹೇಳಿಸಿದ ಮೇಲೆಯೇ ಕೆಲಸವು ಮತ್ತೆ ನಡೆದುದು. ಕಟ್ಟಡದ ಕೆಲಸವು ನಿಂತುದನ್ನು ಕಂಡು ರೋಗಿಗೆ ಆದ ಖೇದವು, ಅದು ಮರಳಿ ನಡೆದಾಗ ಆದ ಹರ್ಷವು, ಇವೆರಡೂ ಚಿಕಿತ್ಸೆಯ ಲೆಕ್ಕದಲ್ಲಿ ಸೇರತಕ್ಕವೇ ಸರಿ. ತನಗಾಗಿ ಒಂದು ಕೆಲಸವು ಕಾದಿದೆ ಎಂಬ ನಂಬಿಕೆಯಿಲ್ಲದವನು ಸೋತ ಕಾಲನ್ನು ನೂರು ಸಲ ಎತ್ತಲು ಒಪ್ಪುವುದಿಲ್ಲ.

ಮೂರು ತಿಂಗಳು ಕಳೆಯುವಷ್ಟರಲ್ಲಿ, 1869ರ ಜನವರಿಯಲ್ಲಿ, ವೈದ್ಯರ ಮಾತನ್ನು ಮೀರಿ, ಪಾಸ್ತರನು ದಕ್ಷಿಣ ಫ್ರಾನ್ಸಿನ ರೇಷ್ಮೆ ಸೀಮೆಗೆ ಪ್ರಯಾಣ ಬೆಳೆಸಿದನು. ಅಲ್ಲಿಯ ಅನನುಕೂಲವಾದ ಮನೆಯೊಂದರಲ್ಲಿ ಕಲ್ಲುಹಾಸಿನ ನೆಲದ ಮೇಲೆ ಬಿದ್ದು ಮತ್ತಷ್ಟು ದಿನ ಹಾಸಿಗೆ ಹಿಡಿಯಬೇಕಾಯಿತು. ಆದರೂ ಕುರ್ಚಿಯಲ್ಲಿ ಕುಳಿತು ಶಿಷ್ಯರ ಕೈಯಿಂದ ಕೆಲಸವನ್ನು ನಡೆಯಿಸಿದನು. ಎಡಗೈಯ ಬಿಗಿತವೂ ಎಡಗಾಲಿನ ಕುಂಟೂ ಅವನನ್ನು ಕೊನೆಯವರೆಗೆ ಬಿಡಲಿಲ್ಲ. ಹಾಗಿದ್ದಾಗ್ಯೂ, ಕುರಿಗಳಿಗೆ ಅಂತ್ರಾಕ್ಸ್ ಲಸಿಕೆಯನ್ನು ಸಾರ್ವಜನಿಕವಾಗಿ ಕೊಟ್ಟು ತೋರಿಸಿದುದು 1881ರಲ್ಲಿ, ಹುಚ್ಚುನಾಯಿ ಕಡಿತಕ್ಕೆ ಲಸಿಕೆಯನ್ನು ಮೊದಲು ಪ್ರಯೋಗಿಸಿದುದು 1885ರಲ್ಲಿ. ಇವೆರಡೂ ಅರ್ಧಾಂಗವಾಯುವಿನ ಅನಂತರದ ಕಾರ್ಯಗಳು. ನಮ್ಮ ನಾಡಿಗೂ ಇದರಿಂದ ಒಂದು ನೇರವಾದ ಉಪಕಾರವಾಯಿತು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿ, ಗಂಟುರೋಗದ ಕಣಗಳು ಕಂಡುಬಂದರೆ ಆ ಮೊಟ್ಟೆಗಳನ್ನು ನಾಶಮಾಡುವ ಪದ್ಧತಿ, ಇಂದಿಗೂ ಕರ್ನಾಟಕದ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿರುವುದು, ಪಾಸ್ತರನು ಕಂಡುಹಿಡಿದದ್ದೇ. ಆ ವಿಚಾರವಾದ ಎರಡು ಸಂಪುಟಗಳ ಗ್ರಂಥವನ್ನು ಅವನು ಪೂರ್ಣಗೊಳಿಸಿ ಪ್ರಕಟಿಸಿದುದು 1870ರಲ್ಲಿ, ಆಘಾತವಾದ ಎರಡನೆಯ ವರುಷ.

ಪಾಸ್ತರನಿಗೆ ಶಿಷ್ಯರಿದ್ದರು, ಚಕ್ರವರ್ತಿಯ ಪ್ರೀತಿಯಿತ್ತು, ಹಗಲಿರುಳು ಎಚ್ಚರವಾಗಿದ್ದ ಪತ್ನಿಯಿದ್ದಳು. ಇವು ಯಾವುವೂ ಇಲ್ಲದವರ ಗತಿಯೇನಾಗಿದ್ದಿತು? ಇಂಗ್ಲೆಂಡಿನಲ್ಲಿ ಅಂತಹವರು ಸೇರುತ್ತಿದ್ದುದು ದರಿದ್ರರಿಗಾಗಿ ಇದ್ದ ದುಡಿಮೆಮನೆಯ ರೋಗಿಶಾಲೆಯನ್ನು. ಅಲ್ಲಿ ಅವರಿಗೆ ಹಾಸಿಗೆ ದೊರೆಯುತ್ತಿತ್ತು, ಅನ್ನ ದೊರೆಯುತ್ತಿತ್ತು, ಮತ್ತೇನೂ ದೊರೆಯುತ್ತಿರಲಿಲ್ಲ. ಒಂದನೆಯ ಮಹಾಯುದ್ಧದಲ್ಲಿ ತಲೆಗೆ ಗುಂಡು ತಾಗಿದ ಸೈನಿಕರಿಗಾಗಿ ಜರ್ಮನಿಯಲ್ಲಿ ಗೋಲ್ಡ್‌ಸ್ಟೈನ್ ಮೊದಲಾದವರೂ, ಎರಡನೆಯ ಯುದ್ಧದಲ್ಲಿ ಅಂತಹವರಿಗಾಗಿಯೇ ಉರಲ್ ಪ್ರಾಂತದಲ್ಲಿ ರಷ್ಯದ ಲೂರಿಯನೂ ಮಾತು, ಓದು, ನಡೆಗಳನ್ನು ಮರಳಿ ಕಲಿಸುವ ಶಾಲೆಗಳನ್ನೇ ನಡೆಸಿದರು. ಯೋಧನ ಮಿದುಳಿಗೆ ರಾಷ್ಟ್ರವು ಋಣಿಯಾಗಿತ್ತು. ಮಾರುಕಟ್ಟೆಯಲ್ಲಿ ಕುಸಿದುಬಿದ್ದ ಅರುವತ್ತರ ಬಡವನ ಮಿದುಳಿಗೆ ಯಾರೂ ಋಣಿಗಳಾಗಿರಲಿಲ್ಲ.

ಈ ಅನ್ಯಾಯವನ್ನು ಮೊದಲು ಸರಿಪಡಿಸಿದವಳು ಮಾರ್ಜರಿ ವಾರೆನ್ ಎಂಬ ವೈದ್ಯೆ. 1897ರಲ್ಲಿ ಜನಿಸಿ, ಶಸ್ತ್ರಚಿಕಿತ್ಸೆಯಲ್ಲಿ ಶಿಕ್ಷಣ ಪಡೆದು, ಲಂಡನ್ನಿನ ಪಶ್ಚಿಮದಲ್ಲಿರುವ ಐಸಲ್‌ವರ್ತಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ ಆಕೆಯ ವಶಕ್ಕೆ, 1935ರಲ್ಲಿ, ಪಕ್ಕದ ದುಡಿಮೆಮನೆಯ 714 ಮಂದಿ ಬಂದರು. ಅವರಲ್ಲಿ ಮುದಿತನದಿಂದ ಬಳಲಿದವರೂ, ಬುದ್ಧಿಭ್ರಮಣೆಯವರೂ, ಅರ್ಧಾಂಗವಾಯುವಿನಿಂದ ಬಿದ್ದವರೂ ಭೇದವಿಲ್ಲದೆ ಒಂದೇ ಕೊಠಡಿಗಳಲ್ಲಿ ಮಲಗಿದ್ದರು. ಹಲವರಿಗೆ ರೋಗವೇನೆಂಬುದನ್ನು ಯಾರೂ ನಿರ್ಣಯಿಸಿರಲೇ ಇಲ್ಲ. ಪಾರ್ಶ್ವವಾಯುವಿನವರ ಸ್ಥಿತಿಯಂತೂ ಕರುಣಾಜನಕವಾಗಿದ್ದಿತು: ವರುಷಗಟ್ಟಲೆ ಮಲಗಿಯೇ ಇದ್ದುದರಿಂದ ಮೊಣಕಾಲು ಮಡಿಸಿಕೊಂಡು ಹೊಟ್ಟೆಗೆ ಹತ್ತಿ, ಪಾದವು ಕೆಳಕ್ಕೆ ಜೋತು, ಬೆರಳುಗಳು ಅಂಗೈಯೊಳಕ್ಕೆ ಬಿಗಿದುಕೊಂಡಿದ್ದುವು. ಈ ವಿಕಾರಗಳನ್ನು ಮಿದುಳಿನ ರಕ್ತಸ್ರಾವವು ಮಾಡಿದ್ದಲ್ಲ, ಹಾಸಿಗೆಯು ಮಾಡಿದುದು.

ವಾರೆನ್ ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಪರೀಕ್ಷಿಸಿ ವಿಂಗಡಿಸಿದಳು. ಮಂಕು ಗೋಡೆಗಳಿಗೆ ತಿಳಿಬಣ್ಣ ಹಚ್ಚಿಸಿ, ಹಾಸಿಗೆಗಳ ನಡುವಣ ಅಂತರವನ್ನು ಹೆಚ್ಚಿಸಿ, ಬೆಳಕು ಬರುವಂತೆ ಮಾಡಿ, ಓಡಾಡುವ ದಾರಿಯುದ್ದಕ್ಕೂ ಹಿಡಿದುಕೊಳ್ಳಲು ಕಂಬಿಗಳನ್ನು ಹಾಕಿಸಿ, ಎತ್ತರ ಬೇರೆಬೇರೆಯಾದ ಕೈಕುರ್ಚಿಗಳನ್ನು ತರಿಸಿದಳು. ಬೆಳಿಗ್ಗೆ ಎದ್ದವರಿಗೆ ತಮ್ಮದೇ ಉಡುಪನ್ನು ತೊಡಲು ಕಲಿಸುವುದು, ಮೊದಲು ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸುವುದು, ಆಮೇಲೆ ಕುರ್ಚಿಗೆ, ಕುರ್ಚಿಯಿಂದ ಕಂಬಿಗೆ, ಕಂಬಿಯಿಂದ ಊರುಗೋಲಿಗೆ ದಾಟಿಸುವುದು, ಹೀಗೆ ದಾದಿಯರೂ ಅಂಗಮರ್ದನದವರೂ ವೈದ್ಯರೂ ಕೂಡಿ ಒಂದು ಕ್ರಮವನ್ನು ಕಟ್ಟಿದರು. ಫಲವಾಗಿ, ಸಾಯಲೆಂದು ಕಳುಹಿಸಲ್ಪಟ್ಟಿದ್ದವರಲ್ಲಿ ಅನೇಕರು ನಡೆದು ಮನೆಗೆ ಹೋದರು. ಹಾಸಿಗೆಗಳ ಸಂಖ್ಯೆಯು ಕ್ರಮೇಣ 240ಕ್ಕೆ ಇಳಿಯಿತು. 1943ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿಯೂ 1946ರಲ್ಲಿ ಲ್ಯಾನ್ಸೆಟ್ಟಿನಲ್ಲಿಯೂ ಆಕೆ ಇದನ್ನು ವಿವರಿಸಿದಳು. ಮಾರನೆಯ ವರುಷವೇ, ಅಂದರೆ 1947ರಲ್ಲಿ, ರಿಚರ್ಡ್ ಆಷರ್ ಎಂಬ ವೈದ್ಯನು ಹಾಸಿಗೆಯಲ್ಲಿ ಮಲಗಿಸುವುದರಿಂದ ಒದಗುವ ಅಪಾಯಗಳನ್ನು ಅಂಗಾಂಗವಾಗಿ ಎಣಿಸಿ ಬರೆದ ಲೇಖನವು ಪ್ರಸಿದ್ಧವಾಗಿ, ವಿಶ್ರಾಂತಿಯೇ ಔಷಧವೆಂಬ ಹಳೆಯ ನಂಬಿಕೆಯ ಬೇರು ಅಲುಗಿತು. ವಾರೆನ್ 1960ರಲ್ಲಿ ಫ್ರಾನ್ಸಿನಲ್ಲಿ ಮೋಟಾರು ಅಪಘಾತಕ್ಕೆ ಸಿಲುಕಿ ತೀರಿಕೊಂಡಳು. ಮಿದುಳಿನ ನಾಳಗಳ ವರ್ಣನೆಗೆ ಹೆಸರಾದ ಯಾವ ಪಂಡಿತನಿಗಿಂತಲೂ ಪಾರ್ಶ್ವವಾಯುವಿನವರಿಗೆ ಹೆಚ್ಚಿನ ಉಪಕಾರ ಮಾಡಿದವಳು ಈಕೆಯೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಎಬ್ಬಿಸಿದರೆ ಸಾಲದು, ಎಬ್ಬಿಸಿದ ಮೇಲೆ ಸೋತ ಕೈಕಾಲುಗಳಿಗೆ ಏನು ಕಲಿಸಬೇಕೆಂಬ ಪ್ರಶ್ನೆಯು ಆಗ ಮುಂದಾಯಿತು. ಅಮೆರಿಕದ ಥಾಮಸ್ ಟ್ವಿಚೆಲ್ 121 ರೋಗಿಗಳನ್ನು ಅವಲೋಕಿಸಿ 1951ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಚೇತರಿಕೆಯು ಮನಬಂದಂತೆ ಬಾರದೆ ಒಂದು ಕ್ರಮವನ್ನು ಅನುಸರಿಸುತ್ತದೆಂಬುದು ಕಂಡುಬಂದಿತು. ಮೊದಲು ಜೋಲುತನ; ಆಮೇಲೆ ಬಿಗಿತ; ಬಿಗಿತದೊಳಗಿಂದಲೇ ಭುಜ ಮೊಣಕೈಗಳು ಒಟ್ಟಿಗೆ ಮಡಿಯುವ ಒರಟು ಚಲನೆ; ಕಟ್ಟಕಡೆಗೆ, ಅದೃಷ್ಟವಿದ್ದರೆ, ಬೆರಳುಗಳ ಬಿಡಿಬಿಡಿಯಾದ ಚಲನೆ. ಬರ್ಲಿನ್ನಿನಲ್ಲಿ ಅಂಗಸಾಧನೆಯ ಶಿಕ್ಷಕಿಯಾಗಿದ್ದು, ನಾಟ್ಸಿಗಳ ಹಿಂಸೆಗೆ ಅಂಜಿ ಲಂಡನ್ನಿಗೆ ಓಡಿಬಂದ ಬೆರ್ತಾ ಬೊಬಾತ್ ಎಂಬ ಯೆಹೂದಿ ಸ್ತ್ರೀಯು ಯುದ್ಧಕಾಲದಲ್ಲಿ ಒಬ್ಬ ಚಿತ್ರಕಾರನ ಬಿಗಿದ ತೋಳನ್ನು ನೋಡಿಕೊಳ್ಳುತ್ತಿದ್ದಾಗ, ಅದನ್ನು ಬಲವಂತವಾಗಿ ಎಳೆದರೆ ಇನ್ನಷ್ಟು ಬಿಗಿಯುವುದನ್ನೂ, ಭುಜವನ್ನೂ ಮೈಯನ್ನೂ ಬೇರೆ ಭಂಗಿಯಲ್ಲಿ ಇರಿಸಿದರೆ ತಾನಾಗಿ ಸಡಿಲುವುದನ್ನೂ ಗಮನಿಸಿದಳು. ಅಲ್ಲಿಯವರೆಗೆ ಎಲ್ಲರೂ ಒಳ್ಳೆಯ ಕೈಯನ್ನು ಬಲಪಡಿಸಿ ಕೆಟ್ಟ ಕೈಯನ್ನು ಜೋಳಿಗೆಯಲ್ಲಿ ತೂಗುಹಾಕುತ್ತಿದ್ದರು. ಸೋತ ಕೈಗೇ ಪಾಠ ಹೇಳಬೇಕೆಂದು ಆಕೆ ಸಾಧಿಸಿದಳು. ಪತಿಯಾದ ಡಾಕ್ಟರ್ ಕಾರೆಲ್ ಬೊಬಾತ್ ಆಕೆಯ ಕಾಣ್ಕೆಗೆ ನರಶಾಸ್ತ್ರದ ಭಾಷೆಯನ್ನು ಒದಗಿಸಿದನು. ಆ ಪದ್ಧತಿಯು ಮಿಕ್ಕವುಗಳಿಗಿಂತ ಮೇಲೆಂದು ಈಚಿನ ಪರೀಕ್ಷೆಗಳು ತೋರಿಸಿಲ್ಲ. ಯಾವ ಕೆಲಸವು ಬೇಕೋ ಆ ಕೆಲಸವನ್ನೇ, ಲೋಟವನ್ನು ಹಿಡಿಯುವುದನ್ನೇ, ಮೆಟ್ಟಿಲು ಹತ್ತುವುದನ್ನೇ, ಮತ್ತೆ ಮತ್ತೆ ಮಾಡುವುದು ಹೆಚ್ಚು ಫಲಕಾರಿಯೆಂಬುದು ಇಂದಿನ ನಿಲುವು. ಸೋತ ಕೈಯನ್ನು ಅಸಡ್ಡೆಯಿಂದ ಬಿಡಬಾರದೆಂಬ ಆಕೆಯ ಮುಖ್ಯ ಬೋಧೆಯು ಮಾತ್ರ ಉಳಿದುಕೊಂಡಿದೆ.

ಶಸ್ತ್ರವೈದ್ಯರ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ತಲೆಬುರುಡೆಯನ್ನು ತೆರೆದು ಹೆಪ್ಪನ್ನು ತೆಗೆಯುವುದರಿಂದ ಲಾಭವುಂಟೇ ಎಂದು ಲಂಡನ್ನಿನ ಮೆಕ್‌ಕಿಸಕ್ ಮತ್ತು ಸಂಗಡಿಗರು 180 ರೋಗಿಗಳಲ್ಲಿ ಪರೀಕ್ಷಿಸಿ 1961ರಲ್ಲಿ ಇಲ್ಲವೆಂದರು. 2005ರಲ್ಲಿ ಪ್ರಕಟವಾದ, ಸಾವಿರಕ್ಕಿಂತ ಹೆಚ್ಚು ರೋಗಿಗಳನ್ನೊಳಗೊಂಡ ಪರೀಕ್ಷೆಯೂ ಸಾಮಾನ್ಯವಾಗಿ ಲಾಭವಿಲ್ಲವೆಂದೇ ಹೇಳಿತು. ಸಣ್ಣ ರಂಧ್ರದ ಮೂಲಕ ಹೆಪ್ಪನ್ನು ಹೀರುವ ಹೊಸ ವಿಧಾನದಿಂದ ಕೆಲವು ಬಗೆಯ ಸ್ರಾವಗಳಲ್ಲಿ ಪ್ರಯೋಜನವಿದೆಯೆಂಬುದು ತೀರ ಈಚಿನ ಸುದ್ದಿ. ಇದಕ್ಕಿಂತ ಹಿರಿದಾದ ಬದಲಾವಣೆಯು 1971ರ ಅಕ್ಟೋಬರಿನಲ್ಲಿ ವಿಂಬಲ್ಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಸಿ.ಟಿ. ಯಂತ್ರದಿಂದ ಆಯಿತು. ಬದುಕಿರುವವನ ಮಿದುಳಿನಲ್ಲಿ ಆದದ್ದು ಸ್ರಾವವೋ ನಾಳದ ಅಡಚಣೆಯೋ ಎಂಬುದನ್ನು ಖಚಿತವಾಗಿ ಹೇಳುವುದು ಅಂದಿನಿಂದ ಮಾತ್ರ ಸಾಧ್ಯವಾಯಿತು. ಪಾರ್ಶ್ವವಾಯುವಿನವರನ್ನು ಒಂದೇ ವಿಭಾಗದಲ್ಲಿರಿಸಿ, ವೈದ್ಯ, ದಾದಿ, ಫಿಸಿಯೋಥೆರಪಿಸ್ಟ್, ವಾಕ್‌ಚಿಕಿತ್ಸಕರು ಕೂಡಿ ನೋಡಿಕೊಂಡರೆ ಮರಣವೇ ಕಡಿಮೆಯಾಗುತ್ತದೆಂಬುದು 1993ರಲ್ಲಿ ಅಂದಿನವರೆಗಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ ಸಿದ್ಧಪಟ್ಟಿತು. ವಾರೆನ್ ಕಂಡ ದಾರಿಗೆ ಅಂಕೆಸಂಖ್ಯೆಗಳ ಮುದ್ರೆ ಬಿದ್ದುದು ಹೀಗೆ, ಅರ್ಧ ಶತಮಾನ ತಡವಾಗಿ. ಆದರೆ ಅವಸರವೂ ಸಲ್ಲದು: 2,104 ರೋಗಿಗಳನ್ನೊಳಗೊಂಡು 2015ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರೀಕ್ಷೆಯೊಂದು, ಮೊದಲ ಇಪ್ಪತ್ತನಾಲ್ಕು ಗಂಟೆಗಳೊಳಗೇ ರೋಗಿಯನ್ನು ಬಾರಿಬಾರಿಗೂ ಎಬ್ಬಿಸಿ ಹೆಚ್ಚು ಹೊತ್ತು ನಡೆಯಿಸಿದರೆ ಫಲವು ಕುಗ್ಗುತ್ತದೆಂದು ತೋರಿಸಿತು.

ಮಾತಿನ ವಿಚಾರವು ಕೈಕಾಲುಗಳ ವಿಚಾರಕ್ಕಿಂತ ಗಹನವಾದುದು. ಬಲಪಾರ್ಶ್ವವು ಸೋತು ಮಾತೆಲ್ಲ ಹೋಗಿ ಒಂದೆರಡು ಶಬ್ದ ಮಾತ್ರ ಉಳಿದಿದ್ದ ಮನುಷ್ಯನೊಬ್ಬನು, ಇತರರು ಎತ್ತಿಕೊಟ್ಟರೆ ಚರ್ಚಿನ ಸ್ತೋತ್ರಗಳನ್ನು ಸ್ಪಷ್ಟವಾಗಿ ಹಾಡುತ್ತಿದ್ದನೆಂದು ಸ್ವೀಡನ್ನಿನ ಓಲೋಫ್ ಡಾಲಿನ್ 1745ರಲ್ಲಿಯೇ ಬರೆದಿಟ್ಟಿದ್ದಾನೆ. ಮಗನ ಹೆಸರು ಬಾಯಿಗೆ ಬಾರದ ಅಜ್ಜಿಯು ದೇವರನಾಮವನ್ನು ರಾಗವಾಗಿ ಹೇಳುವುದನ್ನು ನಮ್ಮ ಮನೆಗಳಲ್ಲಿಯೂ ಕಂಡವರುಂಟು. ಬೋಸ್ಟನ್ನಿನ ವೈದ್ಯರು 1973ರಲ್ಲಿ ಈ ಸ್ವರದ ದಾರಿಯಿಂದಲೇ ಮಾತನ್ನು ಮರಳಿಸುವ ಒಂದು ಚಿಕಿತ್ಸೆಯನ್ನು ರೂಪಿಸಿದರು. ಆದರೆ ಇಂಗ್ಲಿಷಿಗಾಗಿ ಮಾಡಿದ ಪಾಠವನ್ನು ಕನ್ನಡದ ನಾಲಗೆಗೆ ಹಚ್ಚುವುದೆಂತು? ಈ ಕೊರತೆಯನ್ನು ತುಂಬಲು ದುಡಿದುದು 1960ರ ದಶಕದ ಮಧ್ಯದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕನ್ನಡದ ಧ್ವನಿ, ಪದ, ವಾಕ್ಯಗಳಲ್ಲಿ ರೋಗಿಗೆ ಯಾವುದು ಉಳಿದಿದೆ ಯಾವುದು ಹೋಗಿದೆ ಎಂಬುದನ್ನು ಅಳೆಯುವ ಪರೀಕ್ಷೆಯನ್ನು ಪ್ರತಿಭಾ ಕಾರಂತರು 1980ರಲ್ಲಿ ಸಿದ್ಧಪಡಿಸಿದರು. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವ ನಮ್ಮ ಜನರಲ್ಲಿ ಒಂದು ಭಾಷೆಯು ಬೇಗ ಮರಳಿ ಇನ್ನೊಂದು ತಡವಾಗುವುದುಂಟಾದುದರಿಂದ, ಇಂತಹ ಕಾರ್ಯದ ಬೆಲೆಯು ಇಲ್ಲಿ ಮತ್ತಷ್ಟು ಹೆಚ್ಚು.

ಭಾರತದಲ್ಲಿ ಪುನಶ್ಚೇತನ ವಿದ್ಯೆಯು ಕಾಲೂರಿದುದು ಸ್ವಾತಂತ್ರ್ಯಾನಂತರ. ಅಮೆರಿಕದಲ್ಲಿ ಹುಟ್ಟಿ, ಭಾರತೀಯರೊಬ್ಬರನ್ನು ವಿವಾಹವಾಗಿ ಇಲ್ಲಿಯವರೇ ಆಗಿಹೋದ ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ದಿನನಿತ್ಯದ ಕೆಲಸಗಳ ಮೂಲಕವೇ ಅಂಗಗಳಿಗೆ ಪಾಠ ಹೇಳುವ ಚಿಕಿತ್ಸೆಯ ಶಾಲೆಯನ್ನು ತೆರೆದರು. ಕೆಲವೇ ವರುಷಗಳಲ್ಲಿ ಫಿಸಿಯೋಥೆರಪಿ ಶಾಲೆಯೂ, 1955ರಲ್ಲಿ ಹಾಜಿ ಅಲಿಯ ಅಖಿಲ ಭಾರತ ಪುನಶ್ಚೇತನ ಸಂಸ್ಥೆಯೂ ಅದೇ ನಗರದಲ್ಲಿ ಪ್ರಾರಂಭವಾದುವು. 1954ರ ಅಪಘಾತದಲ್ಲಿ ಬೆನ್ನುಹುರಿ ಮುರಿದು ಗಾಲಿಕುರ್ಚಿಗೆ ಸೇರಿದ ಡಾಕ್ಟರ್ ಮೇರಿ ವರ್ಗೀಸರು, ನ್ಯೂಯಾರ್ಕಿನಲ್ಲಿ ಹವರ್ಡ್ ರಸ್ಕ್ ಎಂಬಾತನ ಸಂಸ್ಥೆಯಲ್ಲಿ ಶಿಕ್ಷಣ ಪಡೆದು ಮರಳಿ, ವೆಲ್ಲೂರಿನಲ್ಲಿ 1966ರಲ್ಲಿ ತೆರೆದ ಪುನಶ್ಚೇತನ ಸಂಸ್ಥೆಗೆ ನಾಯಕಿಯಾದರು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ನರರೋಗಿಗಳ ಪುನಶ್ಚೇತನಕ್ಕಾಗಿಯೇ ಒಂದು ವಿಭಾಗವನ್ನು ನಡೆಸುತ್ತಿದೆ.

ಪರದೇಶದಿಂದ ಬಂದ ಈ ವಿದ್ಯೆಯು ನಮ್ಮ ಮನೆಗೆ ಹೊಂದಿಕೊಳ್ಳಬೇಕಾದ ವಿಷಯಗಳು ಇನ್ನೂ ಉಳಿದಿವೆ. ಅಲ್ಲಿಯವರು ಕುರ್ಚಿಯಿಂದ ಏಳುವುದನ್ನು ಕಲಿಸಿದರೆ ಕೆಲಸ ಮುಗಿಯಿತು. ನಮ್ಮ ಹಳ್ಳಿಯ ರೋಗಿಯು ನೆಲದಿಂದ ಏಳಬೇಕು, ಊಟಕ್ಕೆ ಮಣೆಯ ಮೇಲೆ ಕೂರಬೇಕು, ಶೌಚಕ್ಕೆ ಕುಕ್ಕುರುಗಾಲಿನಲ್ಲಿ ಕುಳಿತು ಮೇಲೇಳಬೇಕು. ಬಲಗೈ ಸೋತವನಿಗೆ ಚಮಚವನ್ನು ಹಿಡಿಯುವುದು ಬಂದರೂ ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದುವುದು ಬಾರದೆ ಹೋದರೆ ಅವನ ಊಟ ಮರಳಿ ಬಂದಂತಾಗಲಿಲ್ಲ. ಎಡಗೈಯಿಂದ ಉಣ್ಣುವುದಕ್ಕಿಂತ ಉಪವಾಸವೇ ಲೇಸೆನ್ನುವ ಹಿರಿಯರೂ ಉಂಟು. ಅಂಗಿಯನ್ನು ತೊಡುವಾಗ ಸೋತ ಕೈಯನ್ನು ಮೊದಲು ತೋಳಿಗೆ ಏರಿಸಬೇಕು, ಬಿಚ್ಚುವಾಗ ಒಳ್ಳೆಯ ಕೈಯನ್ನು ಮೊದಲು ಬಿಡಿಸಿ ಸೋತ ಕೈಯನ್ನು ಕೊನೆಗೆ ಬಿಡಿಸಬೇಕು. ಸೀರೆಯ ನೆರಿಗೆಯನ್ನು ಒಂದೇ ಕೈಯಿಂದ ಹಿಡಿಯುವುದು ಇದಕ್ಕಿಂತಲೂ ಕಷ್ಟವಾದುದು, ಅದಕ್ಕೆ ಮೊದಲೇ ನೆರಿಗೆ ಹೊಲಿದಿಟ್ಟ ಸೀರೆಯೇ ಉಪಾಯ. ಸೋತ ಕೈಯನ್ನು ಹಿಡಿದು ಎಳೆದು ರೋಗಿಯನ್ನು ಎಬ್ಬಿಸುವುದು ನಮ್ಮ ಮನೆಗಳಲ್ಲಿ ನಿತ್ಯವೂ ಪ್ರೀತಿಯಿಂದಲೇ ನಡೆಯುವ ತಪ್ಪು. ಅದರಿಂದ ಭುಜದ ಕೀಲು ಜಾರಿ, ಜೀವಮಾನವೆಲ್ಲ ನೋವು ಉಳಿಯುವುದುಂಟು. ಸೊಂಟವನ್ನು ಹಿಡಿದು ಎಬ್ಬಿಸಬೇಕು.

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬ ಫಿಸಿಯೋಥೆರಪಿಸ್ಟರೂ, ಜಿಲ್ಲಾ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಒಬ್ಬ ವಾಕ್‌ಚಿಕಿತ್ಸಕರೂ ನಿತ್ಯವೂ ದೊರೆಯುವಂತಾಗಬೇಕೆಂದು ಸರಕಾರವನ್ನು ಕೇಳುವುದು ನ್ಯಾಯವಾದ ಬೇಡಿಕೆ. ಅದು ಆಗುವವರೆಗೆ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು: ನಿಮ್ಮ ಮನೆಯವರೊಬ್ಬರು ಮಿದುಳಿನ ರಕ್ತಸ್ರಾವದಿಂದ ಬದುಕಿ ಉಳಿದು ಆಸ್ಪತ್ರೆಯಿಂದ ಹೊರಡುವ ದಿನ, ಔಷಧಿಯ ಚೀಟಿಯೊಂದನ್ನೇ ಹಿಡಿದು ಬರಬೇಡಿರಿ, ಹೇಗೆ ಮಗ್ಗುಲು ಬದಲಿಸಬೇಕು, ಹೇಗೆ ಕೂರಿಸಬೇಕು, ಯಾವ ವ್ಯಾಯಾಮವನ್ನು ದಿನಕ್ಕೆ ಎಷ್ಟು ಸಲ ಮಾಡಿಸಬೇಕು, ಮತ್ತೆ ಯಾವಾಗ ಬಂದು ತೋರಿಸಬೇಕು ಎಂಬುದನ್ನು ಕೇಳಿ, ಆಸ್ಪತ್ರೆಯವರ ಕಣ್ಣೆದುರಿಗೆ ಒಮ್ಮೆ ಮಾಡಿ ನೋಡಿಯೇ ಹೊರಡಿರಿ, ಕೈಕಾಲು ಸರಿಹೋಯಿತೆಂದು ಬಿ.ಪಿ. ಮಾತ್ರೆಯನ್ನು ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿರಿ.